ಬಯೋಕೆಮಿಸ್ಟ್ರಿ ಪದವಿಗೆ ಎಷ್ಟು ಸಾಲ ಮಾಡಬಹುದು?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಪಿಸಿಎಂಬಿ ಓದಿದ ಮಗಳಿಗೆ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಎಸ್ಸಿ. ಬಯೋಕೆಮಿಸ್ಟ್ರಿ ಸೀಟು ಸಿಕ್ಕಿದೆ. ಫೀ, ಹಾಸ್ಟೆಲ್ ಸೇರಿ ಮೂರು ವರ್ಷಕ್ಕೆ 8.4 ಲಕ್ಷ ರೂಪಾಯಿ. 7 ಲಕ್ಷ ಬ್ಯಾಂಕ್ ಸಾಲ ಮಾಡಿದರೆ ಅವಳ ಸಂಬಳದಲ್ಲಿ ತೀರೀತೇ?

ಉತ್ತರ: ಬಿ.ಎಸ್ಸಿ. ಮುಗಿಸಿ ಹಿಡಿಯುವ ಮೊದಲ ಕೆಲಸದ ಸಂಬಳದಲ್ಲಿ ತೀರುವುದಿಲ್ಲ. ಬಡ್ಡಿ ಶೇ. 10.5 ಎಂದಿಟ್ಟುಕೊಳ್ಳಿ. ಬ್ಯಾಂಕು ಮೊದಲ ವರ್ಷ 2.4 ಲಕ್ಷ, ಮುಂದೆ ವರ್ಷಕ್ಕೆ 2.3 ಲಕ್ಷದಂತೆ ಕೊಟ್ಟಿತು ಎನ್ನೋಣ. ಓದುವ ಮೂರು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಸರಳ ಬಡ್ಡಿ ಹಿಡಿದರೂ ಅದು 2.22 ಲಕ್ಷ ಆಗುತ್ತದೆ. ಕಂತು ಶುರುವಾಗುವ ದಿನ ಸಾಲ 9.22 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,440 ರೂಪಾಯಿ ಬೇಕು. ಹದಿನೈದು ವರ್ಷಕ್ಕೆ ಎಳೆದರೆ ಕಂತು 10,190ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ 18 ಲಕ್ಷ ದಾಟುತ್ತದೆ.

ಈಗ ಸಂಬಳದ ಕಡೆ ನೋಡಿ. ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್ ಲ್ಯಾಬಿಗೆ ಟ್ರೇನಿಯಾಗಿ ಸೇರುವ ಬಿ.ಎಸ್ಸಿ.ಯವರ ಕೈಗೆ ತಿಂಗಳಿಗೆ 18 ಸಾವಿರ ಬಂತೆಂದರೆ, ಬೆಂಗಳೂರಿನ ಪಿ.ಜಿ. ಬಾಡಿಗೆ, ಬಸ್ಸು, ಊಟ ಕಳೆದು 12 ಸಾವಿರದ ಕಂತಿಗೆ ಜಾಗವೇ ಇಲ್ಲ. ಅದನ್ನು ತುಂಬಬೇಕಾದವರು ನೀವೇ, ತೋಟದ ಉತ್ಪನ್ನದಿಂದ. ಕಂತು ಸಂಬಳದ ಐದನೇ ಒಂದು ಪಾಲು ಮೀರದಂತೆ ಹಿಡಿದರೆ 3,600 ರೂಪಾಯಿ ಆಯಿತು. ಹಿಂದಕ್ಕೆ ಲೆಕ್ಕ ಹಾಕಿದರೆ ಈ ಪದವಿ ಹೊರಬಲ್ಲ ಸಾಲ ಸುಮಾರು 2 ಲಕ್ಷ, ಅಷ್ಟೇ.

ಬಯೋಕೆಮಿಸ್ಟ್ರಿ ಕೆಟ್ಟ ವಿಷಯವೇನಲ್ಲ. ಆದರೆ ಅದರ ಒಳ್ಳೆಯ ಕೆಲಸಗಳು ಎಂ.ಎಸ್ಸಿ. ಅಥವಾ ಪಿಎಚ್.ಡಿ. ಆದವರಿಗೆ ಸಿಗುವಂಥವು. ಎಂ.ಎಸ್ಸಿ.ಗೆ ಹೋದರೆ ಇನ್ನೆರಡು ವರ್ಷದ ಬಡ್ಡಿ 1.47 ಲಕ್ಷ ಸೇರಿ ಸಾಲ 10.69 ಲಕ್ಷಕ್ಕೆ ಏರುತ್ತದೆ, ಎಂ.ಎಸ್ಸಿ. ಫೀ ಬೇರೆ. ಕಂತು ಮುಂದೂಡಲು ಬ್ಯಾಂಕಿಗೆ ಪ್ರವೇಶದ ಪತ್ರ ಕೊಟ್ಟು ಅರ್ಜಿ ಹಾಕಬೇಕು, ತಾನಾಗಿ ಮುಂದೆ ಹೋಗುವುದಿಲ್ಲ. ಹಲವರು ಎಡವುವುದು ಇಲ್ಲೇ.

ಹಾಗಾಗಿ ನಮ್ಮ ಸಲಹೆ: ಬಿ.ಎಸ್ಸಿ.ಯನ್ನು ಊರಿನ ಹತ್ತಿರವೇ ಮುಗಿಸಲಿ. ಶಿರಸಿಯಲ್ಲೋ ಕುಮಟಾದಲ್ಲೋ ರಸಾಯನಶಾಸ್ತ್ರದ ಜೊತೆ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ತೆಗೆದುಕೊಂಡರೂ ಬಯೋಕೆಮಿಸ್ಟ್ರಿ ಎಂ.ಎಸ್ಸಿ.ಯ ಬಾಗಿಲು ಮುಚ್ಚುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳು ಮುಖ್ಯವಾಗಿ ಕೇಳುವುದು ರಸಾಯನಶಾಸ್ತ್ರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಬಯೋಕೆಮಿಸ್ಟ್ರಿ ಸ್ನಾತಕೋತ್ತರ ವಿಭಾಗವಿದೆ. ಮನೆಯಿಂದ ಓಡಾಡುವ ಮಗಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಖರ್ಚೂ ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 1ರೊಳಗೆ ಬಂದಿದ್ದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ಅದು ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಊರಿನ ಕಾಲೇಜಿನಲ್ಲಿ ಮೂಲವಿಜ್ಞಾನ ಓದುವವರಿಗೂ ಇದು ಸಿಗುತ್ತದೆ. ಸಾಲ ಬೇಕೇ ಬೇಕಾದರೆ ಎಂ.ಎಸ್ಸಿ.ಗೆ ಮಾಡಿ.

ಬೆಂಗಳೂರೇ ಎಂದು ಮಗಳು ಹಟ ಹಿಡಿದರೆ ಸಹಿ ಹಾಕುವ ಮೊದಲು ಒಂದು ಕಾಗದ ಓದಿ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಅಂಕಿ-ಅಂಶ ಹಾಕಿರುತ್ತವೆ. ಅದರಲ್ಲಿ ‘ಯು.ಜಿ. ಮೂರು ವರ್ಷ’ ಎಂಬ ಭಾಗದಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸವಾಯಿತು, ಮಧ್ಯಮ (ಮೀಡಿಯನ್, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ ಇರುವ) ಸಂಬಳ ಎಷ್ಟು ಎಂದಿರುತ್ತದೆ. ಅಲ್ಲೂ ಬಿ.ಕಾಂ., ಬಿ.ಸಿ.ಎ. ಎಲ್ಲ ಒಟ್ಟಿಗೇ ಸೇರಿರುತ್ತವೆ. ಬಯೋಕೆಮಿಸ್ಟ್ರಿಯದನ್ನೇ ಬೇರೆಯಾಗಿ, ಬರವಣಿಗೆಯಲ್ಲಿ ಕೇಳಿ. ‘ಅತಿ ಹೆಚ್ಚು ಪ್ಯಾಕೇಜ್’ ಎಂಬ ಫಲಕ ಸಾಮಾನ್ಯವಾಗಿ ಎಂಜಿನಿಯರಿಂಗ್ ಹುಡುಗರದ್ದು.

ಸಾಲ 7.5 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ತೋಟ ಅಡವಿಡಬೇಕಿಲ್ಲ. ಸಂಸ್ಥೆ ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿ.ಎಂ. ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿದ್ದು, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದರೆ ಕಂತಿಲ್ಲದ ಅವಧಿಯ ಬಡ್ಡಿ ದರದಲ್ಲಿ 3 ಶೇಕಡಾ ಅಂಶಗಳ ರಿಯಾಯಿತಿಗೆ ಅರ್ಜಿ ಹಾಕಬಹುದು. ನಿಮ್ಮ ಲೆಕ್ಕದಲ್ಲಿ 63 ಸಾವಿರದಷ್ಟು ಉಳಿಯುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಇದು ಅನ್ವಯಿಸುವುದಿಲ್ಲ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡು ಬಂದಾಗಲೆಲ್ಲ ಆವರೆಗಿನ ಬಡ್ಡಿ ಕಟ್ಟುತ್ತಾ ಹೋದರೆ ಸಾಲ 7 ಲಕ್ಷದಲ್ಲೇ ನಿಂತು, ಹತ್ತು ವರ್ಷದ ಕಂತು 9,450ರ ಆಸುಪಾಸಿಗೆ ಬರುತ್ತದೆ. ಫೀ ಕಟ್ಟಲು ಸೊಸೈಟಿಯ ಬೆಳೆಸಾಲ ಮಾತ್ರ ಎತ್ತಬೇಡಿ. ವರ್ಷದೊಳಗೆ ತೀರಿಸದಿದ್ದರೆ ಬಡ್ಡಿಯ ಸವಲತ್ತು ಹೋಗುತ್ತದೆ. ಹುಡುಗಿಯ ಸಂಬಳ ಬರಲು ಮೂರು ವರ್ಷ ಬೇಕು.

ಪ್ರಶ್ನೆ: ಕಾರವಾರದವನು, ಅಂತಿಮ ಬಿ.ಎಸ್ಸಿ. 1.8 ಲಕ್ಷ ಶಿಕ್ಷಣ ಸಾಲವಿದೆ. ಗೋವಾದ ವೆರ್ಣಾದ ಔಷಧ ಕಾರ್ಖಾನೆಯೊಂದು 17 ಸಾವಿರಕ್ಕೆ ಕರೆದಿದೆ. ಸೇರಲೋ, ಎಂ.ಎಸ್ಸಿ. ಮಾಡಲೋ?

ಉತ್ತರ: ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕರೆ ಅದನ್ನೇ ಹಿಡಿಯಿರಿ. ಆಮೇಲೆ ಜೆ.ಆರ್.ಎಫ್. (ಪಿಎಚ್.ಡಿ. ಮಾಡುವವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆ ಪಾಸಾದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಸೀಟು ಸಿಗದಿದ್ದರೆ ಕೆಲಸಕ್ಕೆ ಸೇರಿ. ಆದರೆ ಯಾವ ವಿಭಾಗ ಎಂದು ಮೊದಲೇ ಕೇಳಿ. ಕ್ವಾಲಿಟಿ ಕಂಟ್ರೋಲ್‌ನಲ್ಲಿ ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರ ನಿಮ್ಮ ಕೈಗೇ ಕೊಟ್ಟರೆ ಎರಡು ವರ್ಷದ ಅನುಭವಕ್ಕೆ ಬೆಲೆ ಬರುತ್ತದೆ. ಪ್ಯಾಕಿಂಗ್ ಲೈನಿನಲ್ಲಿ ಎರಡು ವರ್ಷ ನಿಂತದ್ದಕ್ಕೆ ಬರುವುದಿಲ್ಲ. ಶಿಫ್ಟ್ ಇರುವುದರಿಂದ ಕಾರವಾರದಿಂದ ದಿನವೂ ರೈಲಿನಲ್ಲಿ ಹೋಗಿಬರುವ ಲೆಕ್ಕ ಹಾಕಬೇಡಿ. ರೂಮಿನ ಬಾಡಿಗೆ ಕಳೆದೇ 17 ಸಾವಿರವನ್ನು ತೂಗಿ. ಬಾಂಡ್ ನೆಪದಲ್ಲಿ ಮೂಲ ಅಂಕಪಟ್ಟಿ ಕೇಳಿದರೆ ಕೊಡಬೇಡಿ. ಸಾಲದ ಮಂಜೂರಾತಿ ಪತ್ರವನ್ನೂ ತೆಗೆದು ನೋಡಿ: ಕೆಲವದರಲ್ಲಿ ಕೋರ್ಸ್ ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಆಗ ಕಂತು ಶುರು ಎಂದಿರುತ್ತದೆ. ತಪ್ಪಿದರೆ ಸಹಸಾಲಗಾರರಾದ ಅಪ್ಪನ ಸಿಬಿಲ್ ಅಂಕವೂ ಕುಸಿಯುತ್ತದೆ.

ಪ್ರಶ್ನೆ: ಬಯೋಕೆಮಿಸ್ಟ್ರಿ ಓದಿದರೆ ಕುಮಟಾದಲ್ಲೇ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆಯೇ?

ಉತ್ತರ: ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಕೇಳುವುದು ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಪದವಿ, ಅಂದರೆ ಡಿ.ಎಂ.ಎಲ್.ಟಿ. ಇಲ್ಲವೇ ಬಿ.ಎಸ್ಸಿ. ಎಂ.ಎಲ್.ಟಿ. ಊರಲ್ಲೇ ಇರಬೇಕೆಂಬುದು ಖಚಿತವಾಗಿದ್ದರೆ ಅದನ್ನೇ ಓದಿ.