ಸ್ಟುಡಿಯೋ ಬೇಡ, ಜನ ಇರೋ ಮನೆ ಹಿಡಿ

ತಂಗಿ,

ಸೆಪ್ಟೆಂಬರಿಗೆ ಓದಲು ಮ್ಯಾಂಚೆಸ್ಟರಿಗೆ ಬರ್ತಿದ್ದೀನಿ, ಒಬ್ಬಳೇ ಇರೋಕೆ ಸ್ಟುಡಿಯೋ ಹಿಡೀಲಾ, ನಾಲ್ಕು ಜನರ ಮನೇಲಿ ರೂಮ್ ತಗೊಳ್ಳಲಾ ಅಂತ ಕೇಳಿದ್ದೀಯ. ಸಾಗರದ ತುಂಬು ಮನೇಲಿ ಬೆಳೆದವಳಿಗೆ ಒಂಟಿ ರೂಮಿನ ಆಸೆ ಇರೋದು ಸಹಜ. ನನಗೂ ಇತ್ತು. ಆದರೂ ಸ್ಟುಡಿಯೋ ಬೇಡ.

2020ರ ಮಾರ್ಚ್. ವಿಮಾನ ನಿಲ್ಲೋ ಮೊದಲೇ ರೂಮ್‌ಮೇಟ್ ಊರಿಗೆ ಹೋದಳು. 23ರ ರಾತ್ರಿ ಇಲ್ಲಿ ಲಾಕ್‌ಡೌನ್ ಆಯಿತು. ನಾನೊಬ್ಬಳೇ. ಮೊದಲು ಹೋದದ್ದು ನಿದ್ದೆ. ಬೆಳಗಿನ ಜಾವ ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಿದ್ದೆ. ಆಮೇಲೆ ಮೇಲಿನ ಮನೆಯ ವಾಷಿಂಗ್ ಮೆಷಿನ್ ಸದ್ದಿನೊಳಗೆ, ನಮ್ಮ ತೀರ್ಥಹಳ್ಳಿ ಕಡೆಯ ಕನ್ನಡದಲ್ಲೇ, ಯಾರೋ ನನ್ನ ಹೆಸರು ಹಿಡಿದು ಆಡಿಕೊಳ್ಳೋದು ಕೇಳತೊಡಗಿತು. ಆಗ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ಡಾಕ್ಟರು, ನರ್ಸುಗಳಿಗಾಗಿ ಚಪ್ಪಾಳೆ ತಟ್ಟೋದು, ಪಾತ್ರೆ ಬಡಿಯೋದು. ಹತ್ತು ವಾರ ನಡೀತು. ಅದು ನನ್ನನ್ನು ಹಿಡಿಯೋಕೆ ಕೊಡ್ತಿರೋ ಸನ್ನೆ ಅಂತ ನನಗೆ ಖಾತ್ರಿಯಾಗಿತ್ತು. ಮಂಚದ ಪಕ್ಕ ಕೂತು ಕಿವಿ ಮುಚ್ಚಿಕೊಳ್ತಿದ್ದೆ. ಕಾಯಿಲೆ ಅಂತ ಒಂದು ಕ್ಷಣವೂ ಅನಿಸಲಿಲ್ಲ. ಅನಿಸೋದೂ ಇಲ್ಲ ತಂಗಿ, ಹೊರಗಿಂದ ನೋಡುವವರೇ ಹೇಳಬೇಕು.

ನೋಡಿದ್ದು ಅಮ್ಮ. ಮಟಮಟ ಮಧ್ಯಾಹ್ನ ಕರ್ಟನ್ ಎಳೆದು ಪಿಸುಮಾತಾಡೋ ಮಗಳನ್ನು ವಿಡಿಯೋ ಕಾಲ್‌ನಲ್ಲಿ ಕಂಡು ಗಾಬರಿಯಾದಳು. ಚೌಡಿ ಕಾಟ ಅಂತ ಹರಕೆ ಹೊತ್ತಳು. ಅಮ್ಮನ ತಪ್ಪೇನಿಲ್ಲ, ಇಂಥದ್ದಕ್ಕೆ ಅವಳಿಗೆ ಗೊತ್ತಿದ್ದ ಹೆಸರೇ ಅದು. ಪುಣ್ಯಕ್ಕೆ ಶಿವಮೊಗ್ಗದಲ್ಲಿ ನರ್ಸ್ ಆಗಿರೋ ದೊಡ್ಡಪ್ಪನ ಮಗಳಿಗೂ ಅವತ್ತೇ ಫೋನ್ ಮಾಡಿದಳು. ಅಕ್ಕ ನನ್ನ ಹತ್ರ ವಾದಕ್ಕಿಳಿಯಲಿಲ್ಲ. "ನಿದ್ದೆ ಬರ್ತಿಲ್ಲ ಅಂತಷ್ಟೇ ಡಾಕ್ಟರಿಗೆ ಹೇಳು ಮಾರಾಯ್ತಿ, ಉಳಿದದ್ದು ಆಮೇಲೆ" ಅಂದಳು. ಅಷ್ಟು ನನ್ನ ಕೈಲಾಯಿತು.

ಹೀಗೆ ಇಲ್ಲದ ದನಿ ಕೇಳೋದು, ಇಲ್ಲದ್ದನ್ನು ನಿಜ ಅಂತ ನಂಬೋದು, ಇದಕ್ಕೆ ಸೈಕೋಸಿಸ್ ಅಂತಾರೆ. ಮೊದಲ ಸಲ ಅದು ಬಂದವರಿಗೆಂದೇ ಇಲ್ಲಿ ಬೇರೆ ತಂಡ ಇರುತ್ತೆ. ತಡವಾದಷ್ಟೂ ಗುಣವಾಗೋದು ಕಷ್ಟ, ಹಾಗಾಗಿ ಎರಡು ವಾರದೊಳಗೆ ಚಿಕಿತ್ಸೆ ಶುರುಮಾಡೋದು ಅವರ ಗುರಿ. ಮಾಸ್ಕ್ ಹಾಕಿಕೊಂಡು ನರ್ಸ್ ಮನೆಗೇ ಬಂದರು. ಮಾತ್ರೆ ಕೊಟ್ಟರು, ಕೂತು ಮಾತಾಡಿದರು. ಎರಡು ತಿಂಗಳಲ್ಲಿ ದನಿಗಳು ನಿಂತವು. ಮಾತ್ರೆ ಬಿಡೋಕೆ ಮಾತ್ರ ಒಂದೂವರೆ ವರ್ಷ ಬೇಕಾಯಿತು, ಅದೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ.

ಈಗ ಲಾಕ್‌ಡೌನ್ ಇಲ್ಲ, ನಿಜ. ಆದರೆ ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಸ್ಟುಡಿಯೋದಲ್ಲಿ ವಾರಗಟ್ಟಲೆ ಒಬ್ಬರ ಮುಖವನ್ನೂ ನೋಡದೆ ಇರಬಹುದು. ವಲಸೆ ಬಂದವರಲ್ಲಿ ಈ ಕಾಯಿಲೆ ಹೆಚ್ಚು ಅನ್ನೋದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರೋ ಸಂಗತಿ. ಗಾಂಜಾ ಸೇದಿದರೆ ಅಪಾಯ ಇನ್ನೂ ಜಾಸ್ತಿ, ಯಾರು ಕೊಟ್ಟರೂ ಮುಟ್ಟಬೇಡ. ವೀಸಾ ಜೊತೆಗೇ ಆರೋಗ್ಯದ ಶುಲ್ಕ ಕಟ್ಟಿರ್ತೀಯ, ಬಂದ ವಾರವೇ ಜಿಪಿ, ಅಂದರೆ ಮನೆ ಹತ್ತಿರದ ಡಾಕ್ಟರ ಹತ್ರ ಹೆಸರು ಬರೆಸು. ಮನಸ್ಸಿನ ತೊಂದರೆಗೆ 111ಕ್ಕೆ ಫೋನ್ ಮಾಡಿ 2 ಒತ್ತಬೇಕು. ನಿಮ್ಮಮ್ಮನ ಫೋನಿನಲ್ಲಿ ನಮ್ಮ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಹಾಕಿಟ್ಟು ಬಾ, ಕನ್ನಡದಲ್ಲೇ ಮಾತಾಡಬಹುದು.

ನೋಡಿಟ್ಟ ಮನೆಗಳ ವಿಳಾಸ ಕಳಿಸು. ಅಡುಗೆಮನೇಲಿ ನಾಲ್ಕು ಜನ ಕೂತು ಉಣ್ಣೋಕೆ ಜಾಗ ಇದೆಯಾ ಅಂತ ಶನಿವಾರ ನಾನೇ ಹೋಗಿ ನೋಡಿಬರ್ತೀನಿ.