ಓದುಗರ ಪ್ರಶ್ನೆ: ಪೋಕರ್ ಟೂರ್ನಮೆಂಟ್‌ನಲ್ಲಿ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ಟೆಕ್ಸಸ್ ಹೋಲ್ಡೆಮ್‌ನಲ್ಲಿ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಬಿದ್ದಾಗ ಕೈಯ ಎರಡು ಎಲೆ ಸೇರಿ ನನಗೆ ನಾಲ್ಕು ಆಟೀನ್ ಸೇರಿರುತ್ತವೆ. ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗುವ ಸಾಧ್ಯತೆ ಶೇ 35 ಎಂದು ಓದಿದ್ದೇನೆ. ಪಾಟ್‌ನಲ್ಲಿ (ನಡುವೆ ಕೂಡಿದ ಪಣದಲ್ಲಿ) 600 ಇದ್ದು ಎದುರಾಳಿ 300 ಕಟ್ಟಿದರೆ, ಕಾಲ್ ಮಾಡಲು (ನಾನೂ ಅಷ್ಟೇ ಕಟ್ಟಲು) ಗೆಲ್ಲುವ ಸಾಧ್ಯತೆ ಶೇ 25 ಇದ್ದರೆ ಸಾಕಲ್ಲವೇ? ಆದರೂ ಹೀಗೆ ಕಾಲ್ ಮಾಡಿ ಮಾಡಿಯೇ ನನ್ನ ಚಿಪ್ಸ್ ಕರಗುತ್ತಿವೆ.

ಉತ್ತರ: ಶೇ 25 ಸರಿ. ನೀವು 300 ಹಾಕಿದ ಮೇಲೆ ಪಾಟ್ 1,200 ಆಗುತ್ತದೆ, ಅದರಲ್ಲಿ ನಿಮ್ಮದು ಕಾಲು ಭಾಗ. ತಪ್ಪಿರುವುದು 35ರ ಹತ್ತಿರ. ಟರ್ನ್, ರಿವರ್ (ಮೇಜಿನ ಮೇಲೆ ಬೀಳುವ ನಾಲ್ಕನೇ, ಐದನೇ ಎಲೆ) ಎರಡೂ ನೋಡಲು ಸಿಕ್ಕಾಗ ಮಾತ್ರ ಆ ಅಂಕಿ. ಈ 300ಕ್ಕೆ ನಿಮಗೆ ಸಿಗುವುದು ಒಂದೇ ಎಲೆ. ನಿಮಗೆ ಕಾಣದ 47 ಎಲೆಗಳಲ್ಲಿ ಆಟೀನ್ 9, ಅಂದರೆ ಶೇ 19. ಟರ್ನ್‌ನಲ್ಲಿ ಅದು ಬೀಳದಿದ್ದರೆ ಎದುರಾಳಿ ಮತ್ತೆ ಕಟ್ಟಬಹುದು, ಎರಡನೇ ಎಲೆಗೆ ಮತ್ತೆ ಬೆಲೆ ತೆರಬೇಕು.

ಕೊರತೆ ತುಂಬಬೇಕಾದರೆ ಫ್ಲಶ್ ಆದಾಗಲೆಲ್ಲ ಸರಾಸರಿ ಇನ್ನೂ 370ರಷ್ಟು ಅವರಿಂದ ಬರಬೇಕು. ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ) ಏರಿ ಎಲ್ಲರ ಚಿಪ್ಸೂ ತೆಳುವಾದ ಹಂತದಲ್ಲಿ ಅಷ್ಟು ಬರುವುದು ಕಷ್ಟ, ಆಗ ಫೋಲ್ಡ್ ಮಾಡಿ (ಎಲೆ ಬಿಟ್ಟುಬಿಡಿ). ಆ 300 ಅವರ ಕೊನೆಯ ಚಿಪ್ಸ್ ಆಗಿದ್ದರೆ ಮಾತು ಬೇರೆ: ಮುಂದೆ ಕಟ್ಟುವುದು ಏನೂ ಉಳಿದಿಲ್ಲ, 35ರ ಲೆಕ್ಕವೇ ಸರಿ, ಕಾಲ್ ಮಾಡಿ.

ಮೇಜಿನ ಮುಂದೆ ಕೂತಾಗ ಗೆಲ್ಲಿಸುವ ಎಲೆಗಳ ಸಂಖ್ಯೆಯನ್ನು ಒಂದು ಎಲೆಗಾದರೆ 2ರಿಂದ, ಎರಡಕ್ಕಾದರೆ 4ರಿಂದ ಗುಣಿಸಿ. 9ಕ್ಕೆ 18 ಮತ್ತು 36 ಬರುತ್ತದೆ, ಸಾಕಷ್ಟು ಹತ್ತಿರ. ಎಲೆಗಳು ಹೆಚ್ಚಿದಂತೆ ನಾಲ್ಕರ ಗುಣಾಕಾರ ಉಬ್ಬುತ್ತದೆ: 15ಕ್ಕೆ 60 ಎನ್ನುತ್ತದೆ, ನಿಜವಾಗಿ 54. ನಿಮ್ಮ ಆಟೀನ್ ಚಿಕ್ಕವಾಗಿದ್ದರೆ ಒಂಬತ್ತನ್ನೂ ಪೂರ್ತಿ ಎಣಿಸಬೇಡಿ. ಎದುರಾಳಿಯ ಕೈಯಲ್ಲಿ ದೊಡ್ಡ ಆಟೀನ್‌ಗಳಿದ್ದರೆ ಫ್ಲಶ್ ಆಗಿಯೂ ಸೋಲುತ್ತೀರಿ.

ಪ್ರಶ್ನೆ: ನಾಲ್ವರು ಉಳಿದಿದ್ದೇವೆ, ಬಹುಮಾನ ಮೂವರಿಗೆ: ಶೇ 50, 30, 20. ಎಲ್ಲರ ಚಿಪ್ಸೂ ಸಮ. ಒಬ್ಬರು ಆಲ್‌ಇನ್ ಹೋದರು (ಇದ್ದ ಚಿಪ್ಸನ್ನೆಲ್ಲ ಕಟ್ಟಿದರು), ನನ್ನ ಕೈಯಲ್ಲಿ ಎಕ್ಕ-ರಾಜ. ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲುವಂತಿದ್ದರೆ ಸಾಕಲ್ಲವೇ? ಗೆಳೆಯ ಫೋಲ್ಡ್ ಮಾಡು ಎನ್ನುತ್ತಾನೆ.

ಉತ್ತರ: ನಿಮ್ಮ ಗೆಳೆಯ ಹೇಳಿದ್ದೇ ಸರಿ. ಟೂರ್ನಮೆಂಟ್‌ನಲ್ಲಿ ಚಿಪ್ಸ್ ದುಪ್ಪಟ್ಟಾದರೆ ಬಹುಮಾನದ ಪಾಲು ದುಪ್ಪಟ್ಟಾಗುವುದಿಲ್ಲ.

ಒಟ್ಟು ಬಹುಮಾನ 10,000 ಎಂದುಕೊಳ್ಳಿ, ಬ್ಲೈಂಡನ್ನು ಸದ್ಯಕ್ಕೆ ಬಿಡಿ. ಫೋಲ್ಡ್ ಮಾಡಿದರೆ ನಿಮ್ಮ ಪಾಲು 2,500. ಸೋತರೆ ಸೊನ್ನೆ. ಗೆದ್ದರೆ ಉಳಿಯುವುದು ಮೂವರು, ಅರ್ಧ ಚಿಪ್ಸ್ ನಿಮ್ಮದು. ಮೊದಲ ಸ್ಥಾನದ ಸಾಧ್ಯತೆ ಶೇ 50. ಮಿಕ್ಕ ಅರ್ಧದಲ್ಲಿ ಬೇರೊಬ್ಬರು ಮೊದಲಿಗರು. ಆಗ ಉಳಿದ ಇಬ್ಬರ ಚಿಪ್ಸ್‌ನಲ್ಲಿ ಮೂರನೇ ಎರಡು ಪಾಲು ನಿಮ್ಮದು. ಹಾಗಾಗಿ ಎರಡನೇ ಸ್ಥಾನ ಶೇ 33.3, ಮೂರನೆಯದು 16.7. ಬಹುಮಾನದಿಂದ ಗುಣಿಸಿ ಕೂಡಿ: 2,500 + 1,000 + 333 = 3,833. ಹೀಗೆ ಚಿಪ್ಸನ್ನು ಬಹುಮಾನದ ಪಾಲಾಗಿ ಲೆಕ್ಕ ಹಾಕುವುದಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎನ್ನುತ್ತಾರೆ. 2,500ನ್ನು 3,833ರಿಂದ ಭಾಗಿಸಿದರೆ ಬರುವುದು ಶೇ 65. ನಿಮಗೆ ಬೇಕಾದದ್ದು ಅದು, 50 ಅಲ್ಲ.

ಎದುರಾಳಿ ಎಲೆ ನೋಡದೆಯೇ ನುಗ್ಗಿದರೂ ಎಕ್ಕ-ರಾಜ ಗೆಲ್ಲುವುದು ಹೆಚ್ಚುಕಡಿಮೆ ಶೇ 65. ಅವರ ಬಳಿ ರಾಣಿ ಜೋಡಿಯಿದ್ದರೆ 43ರ ಆಸುಪಾಸು. ನಾಲ್ಕನೆಯವರ ಬಳಿ ಒಂದೆರಡು ಬ್ಲೈಂಡ್‌ನಷ್ಟೇ ಚಿಪ್ಸ್ ಉಳಿದಿದ್ದರೆ ಇನ್ನೂ ಬಿಗಿಯಾಗಿ ಆಡಿ. ಅವರು ಹೊರಬಿದ್ದರೆ ನಿಮಗೆ ಬಹುಮಾನ ಖಚಿತ. ಎಕ್ಕದ ಜೋಡಿ, ರಾಜನ ಜೋಡಿ ಬಂದಾಗ ಮಾತ್ರ ಯೋಚಿಸದೆ ಕಾಲ್ ಮಾಡಿ.

ಪ್ರಶ್ನೆ: ಹಾಗಾದರೆ ಕಡಿಮೆ ಚಿಪ್ಸ್ ಇರುವಾಗ ನಾನೇ ಆಲ್‌ಇನ್ ಹೋಗುವುದು ಲಾಭವೇ?

ಉತ್ತರ: ಬಹಳ ಸಲ ಲಾಭವೇ, ಏಕೆಂದರೆ ಎಲ್ಲರೂ ಫೋಲ್ಡ್ ಮಾಡಿದರೂ ಗೆಲ್ಲುತ್ತೀರಿ. ಬಟನ್ ಸ್ಥಾನದಲ್ಲಿ (ನಿಮ್ಮ ನಂತರ ಬ್ಲೈಂಡ್ ಕಟ್ಟಿದ ಇಬ್ಬರು ಮಾತ್ರ ಉಳಿದಿರುವ ಜಾಗ) ನಿಮ್ಮ ಬಳಿ 10 ಬಿಗ್ ಬ್ಲೈಂಡ್‌ನಷ್ಟು (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದರ ಹತ್ತು ಪಟ್ಟು) ಚಿಪ್ಸ್ ಇದ್ದು, ಆಂಟಿ (ಬ್ಲೈಂಡ್ ಜೊತೆಗೆ ಕಟ್ಟುವ ಹೆಚ್ಚುವರಿ ಪಣ) ಸೇರಿ ಪಾಟ್ 2.5 ಇದೆಯೆನ್ನಿ. ಕಾಲ್ ಬಂದಾಗಲೂ ನಿಮ್ಮ ಎಲೆಗೆ ಶೇ 35 ಬಲವಿದ್ದರೆ, ಆ ಇಬ್ಬರೂ ಒಟ್ಟಿಗೆ ಅರ್ಧದಷ್ಟು ಸಲ ಫೋಲ್ಡ್ ಮಾಡಿದರೆ ಸಾಕು. ಅದಕ್ಕೆ ಒಬ್ಬೊಬ್ಬರೂ ಶೇ 70ಕ್ಕಿಂತ ತುಸು ಹೆಚ್ಚು ಸಲ ಬಿಡಬೇಕು. ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡುವವರು ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಹಣ ಕಟ್ಟಿ ಅಭ್ಯಾಸ ಮಾಡಬಹುದೇ?

ಉತ್ತರ: ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಪಣವಿಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದೆಂಬ ವಿನಾಯಿತಿಯೂ ಇಲ್ಲದೆ, ನಿಷೇಧಿಸುತ್ತದೆ. ಮೇಲಿನ ಲೆಕ್ಕಗಳಿಗೆ ಕಾಗದ, ಪೆನ್ಸಿಲ್, ಒಂದು ಕಟ್ಟು ಇಸ್ಪೀಟ್ ಎಲೆ ಸಾಕು.