ಸೈತಾನನಿಗೆ ಅಷ್ಟೊಂದು ಶಕ್ತಿ ಕೊಟ್ಟವರು ಯಾರು?

ಓದುಗರ ಪತ್ರ (ಚುಟುಕಾಗಿ): "ನನ್ನ ದೊಡ್ಡ ಮಗನಿಗೆ ಕೆಲವು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ. ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಕೆಲಸಕ್ಕೆ ಹೋಗುವುದನ್ನೂ ಬಿಟ್ಟಿದ್ದಾನೆ. ಪ್ರಾರ್ಥನಾ ಕೂಟ ನಡೆಸುವವರೊಬ್ಬರು ಮನೆಗೆ ಬಂದು, ದುರಾತ್ಮ ಹೊಕ್ಕಿದೆ, ಉಪವಾಸ ಮಾಡಿಸಿ ಬಿಡಿಸುತ್ತೇವೆ, ಅಲ್ಲಿಯವರೆಗೆ ಡಾಕ್ಟರ ಮಾತ್ರೆ ಬೇಡ ಅಂದರು. ಅಂದಿನಿಂದ ನನಗೂ ಭಯ. ಎಲ್ಲವನ್ನೂ ಸೃಷ್ಟಿ ಮಾಡಿದ್ದು ದೇವರಾದರೆ ಸೈತಾನನನ್ನೂ ದೇವರೇ ಮಾಡಿದ್ದಾ? ಅವನಿಗೆ ಎಷ್ಟು ಶಕ್ತಿ ಇದೆ? ದೇವರು ಅವನನ್ನು ಯಾಕೆ ಮುಗಿಸಿಬಿಡುವುದಿಲ್ಲ? ಚಿಕ್ಕ ಮಗಳು ಸೈತಾನನಿಗೋಸ್ಕರವೂ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದಳು. ಗದರಿಸಿ ಸುಮ್ಮನಾಗಿಸಿದೆ."
– ಹಾಸನ ಜಿಲ್ಲೆಯ ಓದುಗರು

ಪ್ರಿಯ ಸಹೋದರಿ,

ಮೊದಲು ಮಾತ್ರೆಯ ವಿಷಯ. ದಯವಿಟ್ಟು ಅದನ್ನು ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ನಾಳೆಯೇ ಮಗನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಪ್ರಾರ್ಥನೆಯನ್ನೂ ಬಿಡಬೇಡಿ. ಎರಡಕ್ಕೂ ಜಗಳ ಇಲ್ಲ.

ಈಗ ನಿಮ್ಮ ಪ್ರಶ್ನೆಗಳು. ದೇವರು ಸೃಷ್ಟಿಸಿದ್ದು ಒಬ್ಬ ದೇವದೂತನನ್ನು, ಅವನು ಸೈತಾನನಾದದ್ದು ತಾನಾಗಿಯೇ. ಕ್ರೈಸ್ತ ಸಭೆ ಕೊಡುವ ಉತ್ತರ ಇದು. 1215ರಲ್ಲಿ ರೋಮ್‌ನ ಲ್ಯಾಟರನ್‌ನಲ್ಲಿ ಸೇರಿದ ಬಿಷಪರ ಮಹಾಸಭೆ ಇದನ್ನು ಬರೆದಿಟ್ಟಿತು. ದೇವರು ದೆವ್ವಗಳನ್ನು ಹುಟ್ಟಿನಿಂದ ಒಳ್ಳೆಯವರನ್ನಾಗಿಯೇ ಮಾಡಿದನು, ಅವು ಕೆಟ್ಟದ್ದು ತಮ್ಮ ಕೈಯಾರೆ, ಅಂತ. ಇದನ್ನು ಬರೆಯಲು ಕಾರಣವೂ ಇತ್ತು. ಆಗ ದಕ್ಷಿಣ ಫ್ರಾನ್ಸಿನಲ್ಲಿ ಕಥಾರರು ಎಂಬ ಪಂಥ ಜೋರಾಗಿತ್ತು. ಈ ಮಣ್ಣು, ಮೈ, ಕಣ್ಣಿಗೆ ಕಾಣುವ ಲೋಕ ಎಲ್ಲವೂ ಕೆಟ್ಟ ಶಕ್ತಿಯ ಸೃಷ್ಟಿ ಎಂದು ಅವರು ಹೇಳುತ್ತಿದ್ದರು. ಅದನ್ನು ಒಪ್ಪಿದರೆ ದೇವರಿಗೆ ಸಮನಾದ ಎದುರಾಳಿ ಒಬ್ಬ ಇದ್ದಾನೆ ಎಂದಾಗುತ್ತದೆ. ಸಭೆ ಒಪ್ಪಲಿಲ್ಲ.

ಆದರೆ ಸೈತಾನ ಹೇಗೆ ಬಿದ್ದ ಎಂಬ ಕಥೆ ಬೈಬಲಿನಲ್ಲಿ ಒಂದೇ ಕಡೆ ಪೂರ್ತಿಯಾಗಿ ಇಲ್ಲ. ಇದು ಅನೇಕರಿಗೆ ಆಶ್ಚರ್ಯ ತರುತ್ತದೆ. ಅಂದವಾದ ದೇವದೂತ, ಅವನ ಅಹಂಕಾರ, ಪರಲೋಕದಿಂದ ಕೆಳಕ್ಕೆ ಬಿದ್ದದ್ದು – ಭಾನುವಾರದ ಶಾಲೆಯಲ್ಲಿ ನಾವು ಕೇಳಿದ್ದು ಅಲ್ಲಿ ಇಲ್ಲಿ ಇದ್ದದ್ದನ್ನು ಸೇರಿಸಿದ ಕಥೆ. ಆದಿಕಾಂಡದಲ್ಲಿ ಇರುವುದು ಒಂದು ಸರ್ಪ, ಅಷ್ಟೇ. ಆ ಹಳೆಯ ಸರ್ಪವೇ ಸೈತಾನ ಎಂದು ಹೇಳುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ. ಯೆಶಾಯನ 14ನೇ ಅಧ್ಯಾಯದಲ್ಲಿ ಆಕಾಶದಿಂದ ಬಿದ್ದ ಬೆಳ್ಳಿ ಚುಕ್ಕಿಯ ಮಾತು ಬರುತ್ತದೆ, ನಿಜ. ಆದರೆ ಅದು ಬಾಬೆಲಿನ ಅರಸನನ್ನು ಹಂಗಿಸುವ ಹಾಡು. ಯೆಹೆಜ್ಕೇಲನ 28ನೇ ಅಧ್ಯಾಯ ತೂರ್ ಪಟ್ಟಣದ ಅರಸನ ಬಗ್ಗೆ. ಆ ಅರಸರ ಹಿಂದೆ ಸೈತಾನ ಇದ್ದಾನೆ ಎಂದು ಓದಿದವರು ತೆರ್ತುಲ್ಲಿಯನ್, ಒರಿಗೆನ್ ಮೊದಲಾದ ಆದಿ ಸಭೆಯ ಪಂಡಿತರು. ಪೇತ್ರನ ಎರಡನೆಯ ಪತ್ರ ಮತ್ತು ಯೂದನ ಪತ್ರ ಪಾಪ ಮಾಡಿದ ದೇವದೂತರ ಬಗ್ಗೆ ಒಂದೊಂದು ಮಾತು ಹೇಳಿ ಮುಂದೆ ಹೋಗುತ್ತವೆ. ಬೈಬಲಿಗೆ ಸೈತಾನನ ಜೀವನ ಚರಿತ್ರೆಯಲ್ಲಿ ಆಸಕ್ತಿಯೇ ಇಲ್ಲ. ಆಸಕ್ತಿ ಜಾಸ್ತಿ ಇರುವುದು ನಮಗೆ.

ಎದುರಾಳಿ ದೇವರ ಆಲೋಚನೆಯನ್ನು ಮೈಮೇಲೆ ಹಾಕಿಕೊಂಡು, ಆಮೇಲೆ ಕಳಚಿ ಹೊರಬಂದವನು ಸಂತ ಅಗಸ್ಟೀನ್. ಸುಮಾರು 9 ವರ್ಷ ಅವನು ಪರ್ಷಿಯಾದ ಮಾನಿ ಎಂಬುವನ ಪಂಥದಲ್ಲಿದ್ದ. ಬೆಳಕು, ಕತ್ತಲೆ ಎಂಬ ಎರಡು ಶಕ್ತಿಗಳು ಮೊದಲಿನಿಂದಲೂ ಇವೆ, ಅವುಗಳ ಕಾಳಗವೇ ಈ ಲೋಕ – ಇದು ಆ ಪಂಥದ ಬೋಧನೆ. ಆ ಬೋಧನೆ ತನಗೆ ಯಾಕೆ ರುಚಿಸಿತು ಎಂಬುದನ್ನೂ ಅಗಸ್ಟೀನ್ ಆಮೇಲೆ ಮುಚ್ಚುಮರೆ ಇಲ್ಲದೆ ಬರೆದ. ಪಾಪ ಮಾಡಿದ್ದು ನಾನಲ್ಲ, ನನ್ನೊಳಗಿರುವ ಬೇರೆ ಯಾವುದೋ ಎಂದುಕೊಳ್ಳುವುದು ಅವನ ಅಹಂಕಾರಕ್ಕೆ ಹಿತವಾಗಿತ್ತಂತೆ. 1,600 ವರ್ಷ ಹಿಂದಿನ ಮಾತು. ಇವತ್ತಿನ ಎಷ್ಟೋ ಸಾಕ್ಷಿ ಕೂಟಗಳಲ್ಲಿ ಕುಡಿತಕ್ಕೂ ಕೋಪಕ್ಕೂ ಸಾಲಕ್ಕೂ ಒಂದೊಂದು ದುರಾತ್ಮದ ಹೆಸರು ಹೇಳುವುದನ್ನು ಕೇಳಿದಾಗ ನನಗೆ ಇದೇ ನೆನಪಾಗುತ್ತದೆ.

387ರಲ್ಲಿ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಅಗಸ್ಟೀನ್ ಕಲಿಸಿದ್ದು ಬೇರೆಯೇ. ಕೆಟ್ಟದ್ದು ಎಂಬುದು ತಾನಾಗಿ ನಿಲ್ಲುವ ವಸ್ತು ಅಲ್ಲ. ಇರಬೇಕಾದ ಒಳ್ಳೆಯದು ಇಲ್ಲದಿರುವುದೇ ಕೆಟ್ಟದ್ದು. ಸೈತಾನನಿಗೆ ಇರುವ ಜೀವ, ಬುದ್ಧಿ, ಇಚ್ಛೆ ಎಲ್ಲವೂ ದೇವರು ಕೊಟ್ಟದ್ದೇ, ಎಲ್ಲವೂ ಒಳ್ಳೆಯದೇ. ಅವನು ಅದನ್ನು ತಿರುಚಿದ. ತಿರುಚಿದ್ದು ಮಾತ್ರ ಅವನದು. ಕೆಟ್ಟವನಾಗುವುದಕ್ಕೂ ಅವನು ದೇವರ ಬಂಡವಾಳವನ್ನೇ ಬಳಸಬೇಕು ಎಂದಾಯಿತು ಅಲ್ವಾ?

ಸರಿ, ಎಲ್ಲವೂ ಒಳ್ಳೆಯದೇ ಇದ್ದಾಗ ಒಬ್ಬ ಒಳ್ಳೆಯ ದೇವದೂತ ಕೆಟ್ಟದ್ದನ್ನು ಬಯಸಿದ್ದು ಯಾಕೆ? ಅಹಂಕಾರ ಎನ್ನುತ್ತಾನೆ ಅಗಸ್ಟೀನ್. ಮನುಷ್ಯನ ಮೇಲಿನ ಹೊಟ್ಟೆಕಿಚ್ಚು ಎಂದವರೂ ಇದ್ದಾರೆ. ಆದರೆ ಆ ಅಹಂಕಾರ ಎಲ್ಲಿಂದ ಬಂತು? 11ನೇ ಶತಮಾನದಲ್ಲಿ ನಾರ್ಮಂಡಿಯ ಮಠದಲ್ಲಿದ್ದ ಅನ್ಸೆಲ್ಮ್ ಇದರ ಬಗ್ಗೆಯೇ ಗುರು ಶಿಷ್ಯರ ಸಂವಾದ ಬರೆದ. ಅದರಲ್ಲಿ ಶಿಷ್ಯ ಬಿಡದೆ ಕೇಳುತ್ತಾನೆ. ಕೊನೆಗೆ ಗುರು ಹೇಳುವುದು ಇಷ್ಟೇ: ಬಯಸಿದ, ಅದಕ್ಕೇ ಬಯಸಿದ, ಅದಕ್ಕಿಂತ ಹಿಂದಿನ ಕಾರಣ ಇಲ್ಲ. ಕೆಲವರಿಗೆ ಇದು ಜಾರಿಕೆಯ ಉತ್ತರ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹಿಂದೆ ಬೇರೊಂದು ಕಾರಣ ಇದ್ದಿದ್ದರೆ ತಪ್ಪು ಆ ಕಾರಣದ್ದಾಗುತ್ತಿತ್ತು, ಅವನದ್ದಲ್ಲ.

ನಿಮ್ಮ ಭಯಕ್ಕೆ ನಿಜವಾದ ಔಷಧ ಇರುವುದು ಅವನ ಶಕ್ತಿಯ ಪ್ರಶ್ನೆಯಲ್ಲಿ. ಬೈಬಲಿನಲ್ಲಿ ಯೋಬನ ಪುಸ್ತಕದ ಮೊದಲ ಎರಡು ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದಿ. ಸೈತಾನ ಅಲ್ಲಿ ದೇವರ ಮುಂದೆ ನಿಂತು ಅನುಮತಿ ಕೇಳಬೇಕಾಗುತ್ತದೆ. ಮೊದಲು ಯೋಬನ ಆಸ್ತಿಯ ಮೇಲೆ ಮಾತ್ರ ಕೈ ಹಾಕಬಹುದು, ಮೈ ಮುಟ್ಟುವಂತಿಲ್ಲ. ಆಮೇಲೆ ಮೈ ಮುಟ್ಟಬಹುದು, ಪ್ರಾಣ ತೆಗೆಯುವಂತಿಲ್ಲ. ಗೆರೆ ಎಳೆಯುವವನು ಪ್ರತಿ ಸಲವೂ ದೇವರೇ. ಇನ್ನೊಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಎರಡನೆಯ ಅಧ್ಯಾಯದ ನಂತರ ಸೈತಾನ ಪತ್ತೆಯೇ ಇಲ್ಲ. ಮುಂದೆ ಸುಮಾರು 40 ಅಧ್ಯಾಯ ಇದೆ, ಯೋಬ ಒಂದು ಸಲವೂ ಅವನ ಹೆಸರು ಎತ್ತುವುದಿಲ್ಲ. ಯೋಬನ ಜಗಳ ನೇರವಾಗಿ ದೇವರ ಜೊತೆ. ಕೊನೆಗೆ ದೇವರು ಸಿಟ್ಟಾಗುವುದು ಜಗಳವಾಡಿದ ಯೋಬನ ಮೇಲಲ್ಲ. ನಿನ್ನ ಕಷ್ಟಕ್ಕೆ ಇದೇ ಕಾರಣ ಎಂದು ಗಟ್ಟಿಯಾಗಿ ಹೇಳುತ್ತಿದ್ದ ಗೆಳೆಯರ ಮೇಲೆ. ನಿಮ್ಮ ಮನೆಗೆ ಬಂದು ಕಾರಣ ಹೇಳಿ ಹೋದವರಿಗೂ ಇದನ್ನು ಓದಲು ಹೇಳಬಹುದು.

ಈಜಿಪ್ಟಿನ ಮರಳುಗಾಡಿನಲ್ಲಿ ಒಂಟಿಯಾಗಿ ಬದುಕಿದ ಸಂತ ಅಂತೋನಿ 356ರಲ್ಲಿ ತೀರಿಕೊಂಡ. ದೆವ್ವಗಳ ಕಾಟ ಎಂದ ಕೂಡಲೇ ಕ್ರೈಸ್ತ ಲೋಕ ನೆನೆಯುವ ಹೆಸರು ಅವನದು. ಅವನ ಜೀವನವನ್ನು ಬರೆದ ಬಿಷಪ್ ಅಥನಾಸಿಯಸ್ ಅವನ ಬಾಯಲ್ಲಿ ಒಂದು ಉದ್ದದ ಉಪದೇಶ ಇಟ್ಟಿದ್ದಾನೆ. ಅದರ ಧಾಟಿ ಕೇಳಿದರೆ ನಗು ಬರುತ್ತದೆ. ಅಂತೋನಿಗೆ ದೆವ್ವಗಳ ಬಗ್ಗೆ ಭಯಕ್ಕಿಂತ ತಾತ್ಸಾರವೇ ಜಾಸ್ತಿ. ನಿಜವಾಗಿ ಶಕ್ತಿ ಇದ್ದಿದ್ದರೆ ಅವು ಗುಂಪು ಕಟ್ಟಿಕೊಂಡು, ವೇಷ ಹಾಕಿಕೊಂಡು, ಗದ್ದಲ ಮಾಡಿಕೊಂಡು ಬರುತ್ತಿದ್ದವಾ, ಒಂದೇ ಸಾಕಿತ್ತಲ್ಲ ಎನ್ನುತ್ತಾನೆ. ಹಂದಿಗಳ ಮೇಲೂ ಅವುಗಳಿಗೆ ಅಧಿಕಾರ ಇಲ್ಲ ಎಂದು ನೆನಪಿಸುತ್ತಾನೆ. ಸುವಾರ್ತೆಯಲ್ಲಿ ಹಂದಿಗಳ ಹಿಂಡಿನೊಳಗೆ ಸೇರಿಕೊಳ್ಳಲು ಆ ದೆವ್ವಗಳು ಯೇಸುವನ್ನು ಬೇಡಿಕೊಳ್ಳಬೇಕಾಯಿತು ತಾನೇ?

ದೆವ್ವಗಳು ಭವಿಷ್ಯ ಹೇಳುತ್ತವೆ ಎಂಬುದಕ್ಕೂ ಅಂತೋನಿ ಹೇಳುವ ವಿವರಣೆ ಸೊಗಸಾಗಿದೆ. ಇಥಿಯೋಪಿಯಾದಲ್ಲಿ ಮಳೆ ಬಿದ್ದದ್ದನ್ನು ನೋಡಿ, ನೀರಿಗಿಂತ ಮೊದಲು ಈಜಿಪ್ಟಿಗೆ ಓಡಿಬಂದು, ನೈಲ್ ನದಿಗೆ ಪ್ರವಾಹ ಬರುತ್ತದೆ ಎನ್ನುತ್ತವಂತೆ. ಕೊಡಗಿನಲ್ಲಿ ಮಳೆ ಸುರಿದದ್ದನ್ನು ನೋಡಿ ಬಂದವನೊಬ್ಬ ಶ್ರೀರಂಗಪಟ್ಟಣದಲ್ಲಿ ಕೂತು ಕಾವೇರಿ ಏರುತ್ತಾಳೆ ಎಂದು ಕಣಿ ಹೇಳಿದ ಹಾಗೆ.

ಸೈತಾನ ನಿಮ್ಮ ಮನಸ್ಸಿನೊಳಗಿನ ಯೋಚನೆಯನ್ನು ನೇರವಾಗಿ ಓದಲಾರ ಎಂದು 13ನೇ ಶತಮಾನದ ಪಂಡಿತ ಥಾಮಸ್ ಅಕ್ವಿನಾಸ್ ವಾದಿಸಿದ. ಮುಖ, ನಡೆ ನೋಡಿ ಊಹಿಸಬಲ್ಲ, ಅಷ್ಟೇ. ಆಸೆ ತೋರಿಸಬಲ್ಲ, ಕೈ ಹಿಡಿದು ಪಾಪ ಮಾಡಿಸಲಾರ. ಎಲ್ಲ ಕಡೆಯೂ ಒಟ್ಟಿಗೆ ಇರಲಾರ, ಅದು ದೇವರಿಗೆ ಮಾತ್ರ ಸಾಧ್ಯ. ಯಾಕೋಬನ ಪತ್ರವಂತೂ, ಪ್ರತಿಯೊಬ್ಬನನ್ನೂ ಎಳೆಯುವುದು ಅವನವನ ಆಸೆಯೇ ಎಂದು ಬಿಡಿಸಿ ಹೇಳುತ್ತದೆ.

ಸೈತಾನ ಎಂಬ ವ್ಯಕ್ತಿಯೇ ಇಲ್ಲ, ಅದು ಹಳೆಯ ಕಾಲದ ಮಾತಿನ ರೀತಿ ಎನ್ನುವ ಕ್ರೈಸ್ತ ಪಂಡಿತರೂ ಇದ್ದಾರೆ. ರೇಡಿಯೋ, ವಿದ್ಯುತ್ ದೀಪ ಬಳಸುತ್ತಾ ಹೊಸ ಒಡಂಬಡಿಕೆಯ ದೆವ್ವಗಳ ಲೋಕವನ್ನೂ ನಂಬಲು ಆಗದು ಎಂದು ಜರ್ಮನಿಯ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ವಾದಿಸಿದರು. 1972ರಲ್ಲಿ ಪೋಪ್ ಆರನೇ ಪೌಲ್ ಅವನು ಇದ್ದಾನೆ ಎಂದೇ ಒತ್ತಿ ಹೇಳಿದರು. ನಾನು ಪೋಪರ ಕಡೆ. ಆದರೆ ಇದ್ದಾನೆ ಎನ್ನುವುದು ಬೇರೆ, ಎಲ್ಲದರಲ್ಲೂ ಅವನೇ ಇದ್ದಾನೆ ಎನ್ನುವುದು ಬೇರೆ.

ಇನ್ನು ಮಗನ ವಿಷಯ. ಯೇಸುವಿನ ಹತ್ತಿರ ಜನ ಕರೆತಂದ ರೋಗಿಗಳ ಪಟ್ಟಿಯನ್ನು ಮತ್ತಾಯ ತನ್ನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಕೊಡುತ್ತಾನೆ. ದೆವ್ವ ಹಿಡಿದವರು, ಮೂರ್ಛೆ ರೋಗದವರು, ಪಾರ್ಶ್ವವಾಯು ರೋಗಿಗಳು ಅಂತ ಬೇರೆ ಬೇರೆಯಾಗಿಯೇ ಹೇಳುತ್ತಾನೆ. ಎಲ್ಲ ಕಾಯಿಲೆಯನ್ನೂ ಅವನು ದೆವ್ವದ ಲೆಕ್ಕಕ್ಕೆ ಹಾಕಲಿಲ್ಲ. ಕಥೋಲಿಕ ಸಭೆಯಲ್ಲಂತೂ ದೆವ್ವ ಬಿಡಿಸುವ ವಿಧಿಯನ್ನು ಯಾರು ಬೇಕಾದರೂ ನಡೆಸುವಂತಿಲ್ಲ. 1983ರ ಸಭಾ ಕಾನೂನಿನ ಪ್ರಕಾರ ಸ್ಥಳೀಯ ಬಿಷಪರ ಸ್ಪಷ್ಟ ಅನುಮತಿ ಪಡೆದ ಗುರು (ಪಾದ್ರಿ) ಮಾತ್ರ ಮಾಡಬಹುದು. ಕಾಯಿಲೆಯನ್ನು, ಅದರಲ್ಲೂ ಮನಸ್ಸಿನ ಕಾಯಿಲೆಯನ್ನು, ದೆವ್ವ ಎಂದು ತಿಳಿಯಬಾರದು ಎಂಬ ಎಚ್ಚರಿಕೆ 1999ರ ಪರಿಷ್ಕೃತ ವಿಧಿಯಲ್ಲೇ ಇದೆ. ಎಲ್ಲ ಸಭೆಗಳಲ್ಲೂ ಹೀಗೆ ಬರೆದಿಟ್ಟ ನಿಯಮ ಇಲ್ಲ.

ಅನುಮತಿ ಇದ್ದರೂ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು ಜರ್ಮನಿಯಲ್ಲಿ 1976ರಲ್ಲಿ ಗೊತ್ತಾಯಿತು. ಮೂರ್ಛೆ ರೋಗಕ್ಕೆ ಚಿಕಿತ್ಸೆ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ತಿಂಗಳುಗಟ್ಟಲೆ ಈ ವಿಧಿ ನಡೆಯಿತು. ಬಿಷಪರ ಅನುಮತಿಯೂ ಇತ್ತು. ಅವಳು ಊಟ ಬಿಟ್ಟಳು, ಡಾಕ್ಟರನ್ನು ಕರೆಸಲಿಲ್ಲ. 23ನೇ ವಯಸ್ಸಿನಲ್ಲಿ, ಹೊಟ್ಟೆಗಿಲ್ಲದೆ ಸೊರಗಿ ಸತ್ತಳು. 1978ರಲ್ಲಿ ನ್ಯಾಯಾಲಯ ತಂದೆತಾಯಿಯನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರು ಎಂದಿತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಉಪವಾಸ ಮಾಡಿಸುತ್ತೇವೆ, ಮಾತ್ರೆ ಬೇಡ ಎಂಬ ಎರಡು ಮಾತೂ ನಿಮ್ಮ ಪತ್ರದಲ್ಲಿ ಇದ್ದವು, ಅದಕ್ಕೇ ಬರೆಯುತ್ತಿದ್ದೇನೆ.

ದೇವರು ಸೈತಾನನನ್ನು ಯಾಕೆ ಮುಗಿಸಿಲ್ಲ? ಅವನಿಗೆ ಉಳಿದಿರುವ ಕಾಲ ಸ್ವಲ್ಪ ಎಂದು ಪ್ರಕಟನೆ ಹೇಳುತ್ತದೆ. ಶಿಲುಬೆಯಲ್ಲೇ ಅವನು ಸೋತ ಎನ್ನುತ್ತಾನೆ ಅಪೊಸ್ತಲ ಪೌಲ. ಆದರೂ ಇಷ್ಟು ದಿನ ಬಿಟ್ಟಿರುವುದು ಯಾಕೆ ಎಂಬುದು ದೊಡ್ಡ ರಹಸ್ಯ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ಒಪ್ಪಿಕೊಳ್ಳುತ್ತದೆ. ಇದಕ್ಕೆ ಪೂರ್ತಿ ಉತ್ತರ ಇದೆ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕೊನೆಗೆ ನಿಮ್ಮ ಚಿಕ್ಕ ಮಗಳು. ಪಾಪ, ಸುಮ್ನೆ ಗದರಿಸಿದಿರಿ. ಎಲ್ಲ ಜೀವಿಗಳೂ ಒಂದು ದಿನ ದೇವರ ಕಡೆ ತಿರುಗಬಹುದು ಎಂದು 3ನೇ ಶತಮಾನದಲ್ಲೇ ಒರಿಗೆನ್ ಆಶಿಸಿದ್ದ. 4ನೇ ಶತಮಾನದ ಬಿಷಪ್ ನಿಸ್ಸದ ಗ್ರೆಗೊರಿಯೂ ಆ ದಾರಿಯಲ್ಲಿ ಯೋಚಿಸಿದ. 6ನೇ ಶತಮಾನದಲ್ಲಿ ಸಭೆ ಆ ಬೋಧನೆಯನ್ನು ತಳ್ಳಿಹಾಕಿತು. ಮನುಷ್ಯರಿಗೆ ಸಾವು ಹೇಗೋ ದೇವದೂತರಿಗೆ ಪತನ ಹಾಗೆ, ಅದಾದ ಮೇಲೆ ಮನಸ್ಸು ತಿರುಗುವುದಿಲ್ಲ ಎಂದು 8ನೇ ಶತಮಾನದ ಪಂಡಿತ ದಮಸ್ಕದ ಯೋಹಾನ ವಿವರಿಸಿದ. ಸಭೆಗಳು ಇವತ್ತಿಗೂ ಸಾಮಾನ್ಯವಾಗಿ ಇದನ್ನೇ ಕಲಿಸುತ್ತವೆ. ಆದರೆ 7ನೇ ಶತಮಾನದಲ್ಲಿ ನಿನೆವೆಯ ಬಿಷಪನಾಗಿದ್ದ ಸಂತ ಇಸಾಕ, ಕರುಣೆಯ ಹೃದಯ ಎಂದರೇನು ಎಂದು ಕೇಳಿದವರಿಗೆ ಹೀಗೆ ಹೇಳಿದ: ಮನುಷ್ಯರಿಗಾಗಿ, ಹಕ್ಕಿಗಳಿಗಾಗಿ, ಮೃಗಗಳಿಗಾಗಿ, ದೆವ್ವಗಳಿಗಾಗಿಯೂ ಉರಿಯುವ ಹೃದಯ ಅದು. ಅವನನ್ನು ಪೂರ್ವದ ಸಭೆಗಳು ಸಂತನೆಂದೇ ಗೌರವಿಸುತ್ತವೆ. ಮಗಳಿಗೆ ಈ ಎರಡೂ ಕಡೆಯ ಮಾತು ಹೇಳಿ. ಈಗ ಅವಳು ಅಣ್ಣನಿಗೋಸ್ಕರ ಪ್ರಾರ್ಥನೆ ಮಾಡಲಿ. ಅವನ ಡಾಕ್ಟರಿಗೋಸ್ಕರವೂ ಮಾಡಲಿ.

– ಸಂಪಾದಕ